‘ಹ್ಯಾಸ್’ ಎಲ್ಲಿ, ‘ಹ್ಯಾವ್’ ಎಲ್ಲಿ?

ಉಡುಪಿಯ ನಮ್ಮ ಮನೆ ಜಗಲಿಗೆ ಸಂಜೆ ನಾಲ್ಕೈದು ಮಕ್ಕಳು ಇಂಗ್ಲಿಷ್ ಕಲಿಯಲು ಬರುತ್ತಾರೆ. ಕಳೆದ ವಾರ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ರಜೆ ಅರ್ಜಿ ಬರೆದು ತಂದಳು. ‘ಮೈ ಫಾದರ್ ಹ್ಯಾವ್ ಗಾನ್ ಟು ಮಂಗಳೂರು’ ಎಂದಿತ್ತು. ‘ಹ್ಯಾಸ್’ ಅಲ್ವಾ ಎಂದೆ. ಅವಳು ಪೆನ್ಸಿಲ್ ಕಚ್ಚುತ್ತಾ, ‘ಅಪ್ಪ ಹೋಗಿದ್ದಾರೆ ಅಲ್ವಾ ಟೀಚರ್? ಹೋಗಿದ್ದಾನೆ ಅಂತ ಹೇಳ್ಲಿಕ್ಕೆ ಆಗ್ತದಾ?’ ಎಂದಳು.

ಅವಳು ಸುಮ್ನೆ ಏನೋ ಬರೆದದ್ದಲ್ಲ. ಕನ್ನಡದ ನಿಯಮವನ್ನು ಚೆನ್ನಾಗಿ ಪಾಲಿಸಿದ್ದಕ್ಕೇ ಇಂಗ್ಲಿಷಿನಲ್ಲಿ ಎಡವಿದ್ದಳು. ಹಾಗಾಗಿ ನಾನು ಈ ಪಾಠವನ್ನು ಕನ್ನಡದಿಂದಲೇ ಶುರು ಮಾಡುತ್ತೇನೆ.

ಮೊದಲು ಕ್ರಿಯಾಪದ ಹುಡುಕಿ. ಅದರ ಮುಂದೆ ‘ಯಾರು?’ ಅಥವಾ ‘ಯಾವುದು?’ ಎಂದು ಕೇಳಿ. ಸಿಕ್ಕ ಉತ್ತರವೇ ಕರ್ತೃ. ಕ್ರಿಯಾಪದವನ್ನು ಅದಕ್ಕೆ ಹೊಂದಿಸಬೇಕು. ನಮಗಿದು ಹೊಸತಲ್ಲ. ಹುಡುಗ ಬಂದ, ಹುಡುಗಿ ಬಂದಳು, ಬಸ್ ಬಂತು, ನಾನು ಬಂದೆ ಎಂದು ನಾವು ಬೇರೆಬೇರೆ ಹೇಳುವುದನ್ನೆಲ್ಲ ಇಂಗ್ಲಿಷ್ ‘ಕೇಮ್’ ಒಂದರಲ್ಲೇ ಮುಗಿಸುತ್ತದೆ. ವರ್ತಮಾನ ಕಾಲದಲ್ಲಿ ಮಾತ್ರ, ‘ಹೀ’, ‘ಶೀ’, ‘ಇಟ್’ ಅಥವಾ ಒಬ್ಬರ, ಒಂದರ ಹೆಸರು ಬಂದರೆ ಕ್ರಿಯಾಪದಕ್ಕೆ ‘ಎಸ್’ ಸೇರುತ್ತದೆ: ‘ದೇ ಸಿಂಗ್’, ‘ಶೀ ಸಿಂಗ್ಸ್’. ‘ಡಸ್’ ಬಂದಿದ್ದರೆ ಇನ್ನೊಂದು ‘ಎಸ್’ ಬೇಡ: ‘ಶೀ ಡಸ್ ನಾಟ್ ಸಿಂಗ್’. ‘ಆಮ್, ಈಸ್, ಆರ್’ ಮತ್ತು ‘ವಾಸ್, ವರ್’ ಬಾಯಿಪಾಠ ಮಾಡಿಬಿಡಿ.

ಆಮೇಲೆ ಎಣಿಸಿ. ಇಲ್ಲಿ ಮರ್ಯಾದೆ ಲೆಕ್ಕಕ್ಕೆ ಬರುವುದಿಲ್ಲ. ಅಪ್ಪ ಒಬ್ಬರೇ, ಆದ್ದರಿಂದ ‘ಹ್ಯಾಸ್’. ಹಿಂದೆ ಇಂಗ್ಲಿಷಿನಲ್ಲೂ ‘ನೀನು’ ಎನ್ನಲು ‘ದೌ’ ಇತ್ತು. ‘ಯೂ’ ಬಹುವಚನ. ನಮ್ಮ ‘ನೀವು’ ಹಾಗೆ ಅದನ್ನು ಮರ್ಯಾದೆಗೂ ಬಳಸುತ್ತಿದ್ದರು. 17ನೇ ಶತಮಾನ ಮುಗಿಯುವ ಹೊತ್ತಿಗೆ ‘ದೌ’ ದಿನಬಳಕೆಯಿಂದ ಬಹುಮಟ್ಟಿಗೆ ಮರೆಯಾಯಿತು. ಎದುರಿಗೆ ಒಬ್ಬರೇ ಇದ್ದರೂ ‘ಯೂ ಆರ್’ ಎನ್ನುವುದು ಅದಕ್ಕೇ. ಇದನ್ನು ಹೇಳಿದಾಗ ಹುಡುಗಿಯ ಮುಖ ಅರಳಿತು.

ಎಣಿಸುವಾಗ ಉಲ್ಟಾ ತಪ್ಪೂ ಆಗುತ್ತದೆ. ‘ಸ್ಟೇಟ್‌ಬ್ಯಾಂಕಿಗೆ ನಾಲ್ಕು ಬಸ್ ಬಂತು’ ಎನ್ನುತ್ತೇವೆ ನಾವು. ಆಡುಮಾತಿನಲ್ಲಿ ಬಸ್ಸಾಗಲಿ ತೆಂಗಿನಕಾಯಿಯಾಗಲಿ, ಎಷ್ಟಿದ್ದರೂ ಹೀಗೆ ಏಕವಚನದಲ್ಲೇ ನಡೆಯುತ್ತದೆ. ಆ ರೂಢಿಯಲ್ಲಿ ‘ಫೋರ್ ಬಸ್ ಈಸ್ ಕಮಿಂಗ್’ ಬಾಯಿಗೆ ಬಂದುಬಿಡುತ್ತದೆ. ‘ಫೋರ್ ಬಸಸ್ ಆರ್ ಕಮಿಂಗ್’ ಆಗಬೇಕು. ಎರಡೂ ಕಡೆ ತಿದ್ದಬೇಕು, ಒಂದೇ ಕಡೆ ಅಲ್ಲ.

ಈಗ ಬೆರಳಿನ ಕೆಲಸ. ‘ದಿ ಬಾಸ್ಕೆಟ್ ಆಫ್ ಸಾರ್ಡೀನ್ಸ್ ಈಸ್ ಹೆವಿ’ ಎಂದು ಬರೆದುಕೊಳ್ಳಿ. ಸಾರ್ಡೀನ್ಸ್ ಅಂದರೆ ನಮ್ಮ ಬೂತಾಯಿ. ‘ಬೂತಾಯಿಯ ಬುಟ್ಟಿ ಭಾರ ಇದೆ’ ಎನ್ನುವಾಗ ಬೂತಾಯಿ ಮೊದಲೇ ಬಂದು ಹೋಗುತ್ತದೆ, ಗೊಂದಲವಿಲ್ಲ. ಇಂಗ್ಲಿಷಿನಲ್ಲಿ ಬುಟ್ಟಿ ಮುಂದೆ ಹೋಗಿ, ಬೂತಾಯಿ ಕ್ರಿಯಾಪದದ ಪಕ್ಕಕ್ಕೇ ಬಂದು ಕೂರುತ್ತದೆ. ಕೈ ತಾನಾಗಿ ‘ಆರ್’ ಬರೆಯುವುದು ಆಗಲೇ. ‘ಆಫ್’ನಿಂದ ಕ್ರಿಯಾಪದದ ತನಕ ಬೆರಳಿನಿಂದ ಮುಚ್ಚಿ. ಉಳಿಯುವುದು ‘ಬಾಸ್ಕೆಟ್’, ಒಂದೇ ಒಂದು. ‘ಒನ್ ಆಫ್ ಮೈ ಫ್ರೆಂಡ್ಸ್ ಲಿವ್ಸ್ ಇನ್ ಮಲ್ಪೆ’ ಎಂಬಲ್ಲೂ ಹೀಗೇ: ಮುಚ್ಚಿದರೆ ‘ಒನ್’ ಉಳಿಯುತ್ತದೆ. ‘ಎ ಲಾಟ್ ಆಫ್’ ಬಂದಾಗ ಮಾತ್ರ ಮುಚ್ಚಬೇಡಿ. ಅಲ್ಲಿ ‘ಆಫ್’ ನಂತರದ್ದನ್ನೇ ಎಣಿಸಬೇಕು: ‘ಎ ಲಾಟ್ ಆಫ್ ಸಾರ್ಡೀನ್ಸ್ ಆರ್ ಫ್ರೆಶ್’.

ಇನ್ನು ಕೆಲವು ಪದಗಳು ಕಣ್ಣಿಗೆ ಮೋಸ ಮಾಡುತ್ತವೆ. ‘ಎವ್ರಿಒನ್’, ‘ನ್ಯೂಸ್’, ‘ಮ್ಯಾಥಮ್ಯಾಟಿಕ್ಸ್’ ಏಕವಚನ, ‘ಪೊಲೀಸ್’ ಬಹುವಚನ. ಓದುತ್ತಾ ಹೋದರೆ ಇವು ಅಭ್ಯಾಸವಾಗುತ್ತವೆ, ಪಟ್ಟಿ ಹಿಡಿದು ಕೂರಬೇಕಾಗಿಲ್ಲ.

ಮಕ್ಕಳಿಗೆ ಇವತ್ತೇ ಎರಡು ವಾಕ್ಯ ಕೊಟ್ಟು ನೋಡಿ: ‘ದಿ ಕಲರ್ ಆಫ್ ದೀಸ್ ಬೋಟ್ಸ್ ___ ಬ್ಲೂ’, ‘ದಿ ಕೀಸ್ ಆಫ್ ದಿ ಸ್ಕೂಟರ್ ___ ಆನ್ ದಿ ಟೇಬಲ್’. ಉತ್ತರ ನೀವು ಹೇಳಬೇಡಿ, ಬೆರಳಿಡಲು ಮಾತ್ರ ಹೇಳಿ.