ಜಿಬೂಟಿಯಲ್ಲಿ ಸ್ಟ್ರೋಬ್ ಇಲ್ಲದೆ ವೇಲ್ ಶಾರ್ಕ್: ನನ್ನ ಅನುಭವ

ನೇತ್ರಾಣಿಯಲ್ಲಿ ನನ್ನ ಜೊತೆ ನೀರಿಗಿಳಿಯುವ ಗೆಳೆಯರಿಗೆಲ್ಲ ಇದು ಹಳೇ ಜಗಳ. ನೀರಿನೊಳಗಿನ ಫೋಟೊಗೆ ಎರಡು ಸ್ಟ್ರೋಬ್ (ನೀರಿನೊಳಗೆ ಬಳಸುವ ಫ್ಲಾಶ್) ಬೇಕೇ ಬೇಕು ಅನ್ನುವುದು ಅವರ ವಾದ. ಬೇಡ ಅನ್ನುವುದು ನನ್ನದು. 'ಸ್ಟ್ರೋಬ್ ಇಲ್ಲದೆ ಜಿಬೂಟಿಗೆ ಹೋದ್ರೆ ಹಸಿರು ಗಂಜಿಯಂಥ ಫೋಟೊ ತರ್ತೀಯ ಅಷ್ಟೆ' ಅಂತ ಒಬ್ಬರು ವಾಟ್ಸಾಪಿನಲ್ಲಿ ಹಾಕಿದ್ದರು. ಮೊದಲ ಸಲ ಗಂಜಿಯೂ ಸಿಗಲಿಲ್ಲ. ಎರಡನೇ ಸಲ ಕ್ಯಾಮೆರಾನೇ ಹೋಯಿತು. ಮೂರನೇ ಸಲ ಬಂದ ಹನ್ನೊಂದು ಫೋಟೊ ಈಗ ಅದೇ ಗುಂಪಿನಲ್ಲಿವೆ. ಯಾರೂ ಮಾತಾಡುತ್ತಿಲ್ಲ.

ಜಿಬೂಟಿ ಚಿಕ್ಕ ದೇಶ. ಕೆಂಪು ಸಮುದ್ರದ ಬಾಯಲ್ಲಿ, ಯೆಮೆನ್‌ಗೆ ಎದುರಾಗಿ ಇದೆ. 2015ರಲ್ಲಿ ಯೆಮೆನ್ ಯುದ್ಧದಿಂದ ನಮ್ಮವರನ್ನು ಹಡಗಿನಲ್ಲಿ ಮೊದಲು ಇಲ್ಲಿಗೇ ತಂದಿದ್ದು, ನೆನಪಿರಬಹುದು. ನೆಲವೆಲ್ಲ ಲಾವಾ ಕಲ್ಲು, ಬಿಸಿಲು, ಮುಳ್ಳು ಮರ. ಆದರೆ ಚಳಿಗಾಲದಲ್ಲಿ ತಾಜೂರಾ ಕೊಲ್ಲಿಯ ಆರ್ತಾ ಬೀಚಿನ ಬಳಿ ವೇಲ್ ಶಾರ್ಕ್‌ಗಳು ದಡಕ್ಕೆ ತೀರಾ ಹತ್ತಿರ ಬರುತ್ತವೆ. ಹೆಚ್ಚಿನವು ಮೂರು ನಾಲ್ಕು ಮೀಟರಿನ ಮರಿಗಳು, ಅದರಲ್ಲೂ ಗಂಡು ಜಾಸ್ತಿ.

ಮೊದಲ ತಪ್ಪು, ಮಾರ್ಚ್‌ನಲ್ಲಿ ಹೋಗಿದ್ದು. ಟಿಕೆಟ್ ಅಗ್ಗ ಅಂತ ಬುಕ್ ಮಾಡಿಬಿಟ್ಟೆ. ಮೂರು ದಿನ ದೋಣಿಗೆ ದುಡ್ಡು ಸುರಿದೆ, ಒಂದು ರೆಕ್ಕೆಯೂ ಕಾಣಲಿಲ್ಲ. ನವೆಂಬರಿನಿಂದ ಜನವರಿವರೆಗೆ ಹೋಗಬೇಕು, ಅದರಾಚೆ ಅದೃಷ್ಟ. ಸುಮಾರು ಒಂದೂಕಾಲು ಲಕ್ಷ ಕೊಟ್ಟು ಕಲಿತ ಪಾಠ ಇದು. ನಿಮಗೆ ಬಿಟ್ಟಿ.

ಎರಡನೇ ಸಲ ಡಿಸೆಂಬರ್. ಜಗಳ ಬೇಡ ಅಂತ ಗೆಳೆಯರ ಎರಡು ಸ್ಟ್ರೋಬ್‌ಗಳನ್ನೇ ಸಾಲ ತಂದಿದ್ದೆ. ಮೀನು ಸಿಕ್ಕಿತು, ಹತ್ತಿರಕ್ಕೂ ಬಂತು. ರಾತ್ರಿ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಫೋಟೊ ತುಂಬ ರವೆ ಎರಚಿದ ಹಾಗೆ ಬಿಳಿ ಚುಕ್ಕೆ. ಈ ಮೀನು ಅಲ್ಲಿಗೆ ಬರುವುದೇ ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳನ್ನು ತಿನ್ನಲು. ಅಂದರೆ ಮೀನು ಇರುವ ಜಾಗದಲ್ಲಿ ನೀರು ಸಾರಿನ ಹಾಗೆ ಗಟ್ಟಿ ಇರುತ್ತದೆ. ಸ್ಟ್ರೋಬ್ ಹೊಡೆದರೆ ಮೊದಲು ಬೆಳಗುವುದು ಮೀನಲ್ಲ, ಅದರ ಊಟ. ಸ್ಟ್ರೋಬ್ ಹಿಡಿದಿರುವ ತೋಳನ್ನು ಎಷ್ಟೇ ಅಗಲ ಮಾಡಿದರೂ ಅಷ್ಟೇ. ಹಾಗಾಗಿ ಅವತ್ತೇ ಸ್ಟ್ರೋಬ್ ಬಿಚ್ಚಿಟ್ಟೆ.

ನಡುವೆ ಒಂದು ದಿನ ದೋಣಿ ಸಿಗಲಿಲ್ಲ. ಸುಮ್ನೆ ಕೂರುವುದೇಕೆ ಅಂತ ಅಸ್ಸಾಲ್ ಸರೋವರಕ್ಕೆ ಹೋದೆ. ಸಮುದ್ರ ಮಟ್ಟಕ್ಕಿಂತ ಸುಮಾರು 155 ಮೀಟರ್ ಕೆಳಗೆ, ಇಡೀ ಆಫ್ರಿಕಾದಲ್ಲಿ ಅತಿ ತಗ್ಗಿನ ಜಾಗ. ಪಕ್ಕದ ಗುಬ್ಬೆತ್ ಕೊಲ್ಲಿಯ ನೀರು ಲಾವಾ ಬಿರುಕುಗಳಲ್ಲಿ ಸೋರಿ ಇಲ್ಲಿಗೆ ಬರುತ್ತದೆ, ಬಿಸಿಲಿಗೆ ಆವಿಯಾಗಿ ಉಪ್ಪು ಉಳಿಯುತ್ತದೆ. ಸಮುದ್ರಕ್ಕಿಂತ ಹತ್ತು ಪಟ್ಟು ಉಪ್ಪು. ಅಲೆಗೆ ಉರುಳಿ ಉರುಳಿ ಉಪ್ಪು ಸಾಬೂದಾನಿಯಂತೆ ಗುಂಡಗಾಗುತ್ತದೆ. ಚೆಂದ ಅಂತ ಮಂಡಿಯೂರಿ ಫೋಟೊ ತೆಗೆದೆ, ಬ್ಯಾಗನ್ನು ಪಕ್ಕದಲ್ಲೇ ಇಟ್ಟಿದ್ದೆ.

ಮರುದಿನ ನೀರಿಗಿಳಿದು ಐದು ನಿಮಿಷಕ್ಕೆ ಹೌಸಿಂಗಿನೊಳಗೆ (ಕ್ಯಾಮೆರಾ ಇಡುವ ನೀರು ಹೋಗದ ಪೆಟ್ಟಿಗೆ) ನೀರು. ಅದನ್ನು ಬಿಗಿಮಾಡುವ ರಬ್ಬರ್ ಬಳೆಯ, ಅಂದರೆ ಓ-ರಿಂಗಿನ ಮೇಲೆ ಒಂದೇ ಒಂದು ಉಪ್ಪಿನ ಹರಳು ಕೂತಿತ್ತು. ಸಾಸಿವೆಗಿಂತ ಚಿಕ್ಕದು. ಬಾಡಿ, ಲೆನ್ಸ್ ಎರಡೂ ಹೋದವು, ಎಪ್ಪತ್ತು ಸಾವಿರದ ಹತ್ತಿರ. ಇನ್ಶೂರೆನ್ಸ್‌ನವರು ನೀರಿಗೆ ಕವರ್ ಇಲ್ಲ ಅಂದರು. ಊರಿಗೆ ಬಂದು ಈ ಕಥೆ ಹೇಳಿದರೆ ಗೆಳೆಯರು ಸ್ಟ್ರೋಬ್ ವಾಪಸ್ ಇಸ್ಕೊಂಡು 'ನಮ್ಮದು ಉಳೀತಲ್ಲ, ಪುಣ್ಯ' ಅಂದರು.

ಮೂರನೇ ಸಲ, ಜನವರಿ ಮೊದಲ ವಾರ. ಉಪ್ಪಿನ ಕಾಟ ಬೇಡ ಅಂತ ದಾರಿಯನ್ನೇ ತಿರುಗಿಸಿದೆ. ಮೊದಲು ಸಮುದ್ರ, ಆಮೇಲೆ ಅಬ್ಬೆ ಸರೋವರ, ಕೊನೆಗೆ ಅಸ್ಸಾಲ್. ಟೂರ್‌ನವರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡಿಸುತ್ತಾರೆ, ಒಪ್ಪಬೇಡಿ.

ಇನ್ನೊಂದು, ಹೌಸಿಂಗಿನಲ್ಲಿ ಲೆನ್ಸ್ ಮುಂದಿರುವ ಗುಮ್ಮಟದ (ಡೋಮ್) ಒಳಗೆ ಮಂಜು ಕಟ್ಟುವ ಕಾಟ. ತೇವ ಹೀರುವ ಸಿಲಿಕಾ ಜೆಲ್ ಎಲ್ಲರೂ ಹಾಕುತ್ತಾರೆ, ಸಾಲುವುದಿಲ್ಲ. ದಡದ ತೇವದ ಗಾಳಿಯಲ್ಲಿ ಮುಚ್ಚಿದರೆ ಆ ತೇವವೂ ಒಳಗೇ ಉಳಿಯುತ್ತದೆ. ನಾನು ಹಿಂದಿನ ರಾತ್ರಿಯೇ ಏಸಿ ರೂಮಿನಲ್ಲಿ, ಏಸಿ ಒಂದು ಗಂಟೆ ಓಡಿದ ಮೇಲೆ ಹೌಸಿಂಗ್ ಮುಚ್ಚಿದೆ. ಬೆಳಗ್ಗೆ ತೆರೆಯಲೇ ಇಲ್ಲ. ಒಂದು ಬ್ಯಾಟರಿ, ಒಂದು ಕಾರ್ಡ್, ಅಷ್ಟರಲ್ಲೇ ದಿನ ಮುಗಿಯಬೇಕು. ದೋಣಿಯಲ್ಲಿ ಕ್ಯಾಮೆರಾ ಸ್ವಿಚ್ ಆಫ್.

ನೀರಿನಲ್ಲಿ ಮಾಡಿದ್ದು ಇಷ್ಟೆ. ಫಿಶ್‌ಐ ಲೆನ್ಸ್, 1/320 ಸೆಕೆಂಡಿನ ಸುತ್ತ ಶಟರ್, ಎಕ್ಸ್‌ಪೋಶರ್ ಸ್ವಲ್ಪ ಕಮ್ಮಿ, ಇಲ್ಲವಾದರೆ ಬೆನ್ನಿನ ಬಿಳಿ ಚುಕ್ಕೆಗಳು ಸುಟ್ಟುಹೋಗುತ್ತವೆ. ಬೆಳಗ್ಗೆ ಒಂಬತ್ತರಿಂದ ಹನ್ನೊಂದು, ಸೂರ್ಯ ನನ್ನ ಬೆನ್ನಿಗೆ. ಒಂದೆರಡು ಮೀಟರ್ ಆಳದಲ್ಲಿ ಬಣ್ಣ ಅಷ್ಟೇನೂ ಹೋಗುವುದಿಲ್ಲ, ಫಿಲ್ಟರ್ ಬೇಡ. ಮುಖ್ಯವಾಗಿ, ಮೀನಿನ ಹಿಂದೆ ಈಜಬೇಡಿ. ಎಲ್ಲರೂ ದೋಣಿಯಿಂದ ಹಾರಿ ಬಾಲದ ಫೋಟೊ ತೆಗೆಯುತ್ತಾರೆ. ಅದು ತಿನ್ನುವಾಗ ಬಾಯಿ ತೆರೆದುಕೊಂಡು ಅದೇ ಸಾಲಿನಲ್ಲಿ ಹೋಗಿ ಬಂದು ಮಾಡುತ್ತದೆ. ನಾನು ಆ ಸಾಲಿನ ಪಕ್ಕ ಕಾಲು ಅಲ್ಲಾಡಿಸದೆ ತೇಲುತ್ತಾ ಕಾದೆ. ನಲವತ್ತು ನಿಮಿಷವೂ ಕಾದಿದ್ದೇನೆ. ಸಾಲು ಎಲ್ಲಿದೆ ಅಂತ ದೋಣಿಯಿಂದಲೇ ಹೇಗೆ ಗುರುತಿಸುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ. ಲೈಟ್‌ರೂಮಿನಲ್ಲಿ (ಫೋಟೊ ತಿದ್ದುವ ಸಾಫ್ಟ್‌ವೇರ್) ಹಸಿರು ತೆಗೆಯುವ ನನ್ನ ಸೆಟ್ಟಿಂಗ್ ಕೂಡ ನನ್ನ ಹತ್ತಿರವೇ ಇರಲಿ.

ಎರಡನೇ ದಿನ ಒಂದು ಮೀನು ನಿಂತ ಕಂಬದ ಹಾಗೆ ನೆಟ್ಟಗಾಗಿ, ಬಾಯಿ ಮೇಲೆ ಮಾಡಿ ನೀರು ಎಳೆದುಕೊಳ್ಳುತ್ತಾ ನಿಂತುಬಿಟ್ಟಿತು. ಮುಟ್ಟಬಾರದು, ದೂರ ಇರಬೇಕು, ಎಲ್ಲ ನಿಯಮ ಪಾಲಿಸಿದೆ. ನಾನು ಹತ್ತಿರ ಹೋಗಲಿಲ್ಲ, ಅದೇ ತಿರುಗಿ ಬಂತು. ಬೆನ್ನಲ್ಲಿ ಹಳೆಯ ಪ್ರೊಪೆಲ್ಲರ್ ಗಾಯ. ಇಲ್ಲಿ ಇಂಥ ಗಾಯದ ಮೀನುಗಳು ಬಹಳ, ದೋಣಿಯವರಿಗೆ ನಿಧಾನ ಅಂತ ಹೇಳುತ್ತಲೇ ಇರಿ. ಕಿವಿರಿನ ಹಿಂದಿನ ಎಡಭಾಗದ ಒಂದು ಫೋಟೊವನ್ನೂ ತೆಗೆಯಿರಿ. ಆ ಚುಕ್ಕೆಗಳ ವಿನ್ಯಾಸ ನಮ್ಮ ಬೆರಳಚ್ಚಿನ ಹಾಗೆ, ಒಂದೊಂದು ಮೀನಿಗೂ ಬೇರೆ. ನಕ್ಷತ್ರಗಳನ್ನು ಹೋಲಿಸಲು ಮಾಡಿದ ಲೆಕ್ಕವನ್ನೇ ಬಳಸಿ ಈ ಚುಕ್ಕೆಗಳನ್ನು ಕಂಪ್ಯೂಟರ್ ಹೊಂದಿಸಿ ಯಾವ ಮೀನು ಅಂತ ಗುರುತಿಸುತ್ತದೆ.

ಮಧ್ಯಾಹ್ನದ ದೋಣಿ ನಂಬಬೇಡಿ. ಇಥಿಯೋಪಿಯಾದಿಂದ ದಿನಾ ಖಾತ್ ಅನ್ನುವ ಅಮಲಿನ ಸೊಪ್ಪು ಬರುತ್ತದೆ. ಅದು ಬಂದ ಮೇಲೆ ಊರೆಲ್ಲ ಕೂತು ಅಗಿಯುತ್ತದೆ. ನಮ್ಮ ದೋಣಿಯವನು 'ನಾಳೆ, ಶೆಫ್ (ಸಾಹೇಬ್ರೆ), ನಾಳೆ' ಅಂದ ಅಂದರೆ ಮುಗಿಯಿತು.

ಅಬ್ಬೆ ಸರೋವರದಲ್ಲಿ ಒಂದು ರಾತ್ರಿ ಇದ್ದೆ. ಹಿಂದೆ ನೀರು ಎತ್ತರಕ್ಕಿದ್ದಾಗ ತಳದ ಬಿಸಿನೀರ ಬುಗ್ಗೆಗಳ ಸುಣ್ಣ ಕಟ್ಟಿ ಬೆಳೆದ ಕಂಬಗಳು, ಕೆಲವು 50 ಮೀಟರಿನವರೆಗೂ ಇವೆ. ಬೆಳಗಿನ ಜಾವ ಹಬೆ ಏಳುತ್ತದೆ. ಅಲ್ಲಿನ ಅಫಾರ್ ಜನರ ಆಡುಗಳು ನಡುವೆ ನಡೆಯುತ್ತವೆ. ಫ್ಲೆಮಿಂಗೊ ಹತ್ತಿರದಿಂದ ತೆಗೆಯೋಣ ಅಂತ ಹೋಗಿ ಮೊಣಕಾಲಿನವರೆಗೆ ಕೆಸರಲ್ಲಿ ಹೂತೆ, ಒಂದು ಚಪ್ಪಲಿ ಇನ್ನೂ ಅಲ್ಲೇ ಇದೆ. ಡ್ರೋನ್ ಒಯ್ಯಬೇಡಿ, ತುಂಬಾ ದೇಶಗಳ ಸೈನಿಕ ನೆಲೆ ಇರುವ ಊರು.

ಒಂದು ಸೋಲು ಉಳಿದಿದೆ. ದೇ (Day) ಅನ್ನುವ ಕಾಡಿನಲ್ಲಿ, ಗೋಡಾ ಬೆಟ್ಟದ ಮೇಲೆ, ಒಣಗುತ್ತಿರುವ ಜುನಿಪರ್ ಮರಗಳ ನಡುವೆ ಜಿಬೂಟಿ ಫ್ರಾಂಕೊಲಿನ್ ಅನ್ನುವ ಹಕ್ಕಿ ಇದೆ. ನಮ್ಮ ಕೌಜುಗದ ನೆಂಟ, ಪ್ರಪಂಚದಲ್ಲಿ ಈ ದೇಶ ಬಿಟ್ಟರೆ ಎಲ್ಲೂ ಇಲ್ಲ. ಎರಡು ಮುಂಜಾವು ಕಾದೆ, ಕೂಗು ಕೇಳಿತು, ಹಕ್ಕಿ ಕಾಣಲಿಲ್ಲ. ಮೊಬೈಲಿನಲ್ಲಿ ಕೂಗು ಹಾಕೋಣ ಅಂದ ಡ್ರೈವರ್. ಅಳಿವಿನ ಅಂಚಿನ ಹಕ್ಕಿ, ಬೇಡ ಅಂದೆ.

ಲೆಕ್ಕ: ಮುಂಬೈ, ಅಡಿಸ್ ಅಬಾಬ ಮೂಲಕ ಟಿಕೆಟ್ 58 ಸಾವಿರದ ಹತ್ತಿರ. ಜೀಪನ್ನು ನಾಲ್ವರು ಹಂಚಿಕೊಂಡೆವು, ತಲೆಗೆ 30 ಸಾವಿರ ಇರಬಹುದು. ದೋಣಿ ಮೂರು ದಿನಕ್ಕೆ 18 ಸಾವಿರ, ರೂಮು ಊಟ ಎಲ್ಲ ಸೇರಿ ಒಂದೂವರೆ ಲಕ್ಷ ದಾಟಲಿಲ್ಲ. ಡಾಲರ್ ಒಯ್ಯಿರಿ, ಒಂದು ಡಾಲರಿಗೆ 177 ಚಿಲ್ಲರೆ ಜಿಬೂಟಿ ಫ್ರಾಂಕ್ ಅಂತ ಅಂಟಿಸಿದ ದರ, ಏರುಪೇರಿಲ್ಲ. ಬರುವ ಡಿಸೆಂಬರಿಗೆ ಮತ್ತೆ ಹೊರಟಿದ್ದೇನೆ, ಜೀಪಿನಲ್ಲಿ ಎರಡು ಸೀಟ್ ಖಾಲಿ ಇದೆ. ಸ್ಟ್ರೋಬ್ ತರುವವರು ಬೇರೆ ಜೀಪ್ ನೋಡಿಕೊಳ್ಳಿ.