ಇಂಗ್ಲಿಷ್ ವಾಕ್ಯಗಳನ್ನು ಪೋಣಿಸುವುದು ಹೇಗೆ?

‘ಜ್ವರ ಬಂದಿದ್ದರಿಂದ ಡಾಕ್ಟರ ಬಳಿ ಹೋದೆ’, ‘ಔಷಧಿ ಕೊಟ್ಟರೂ ಪರೀಕ್ಷೆ ಬರೆಯಲಾಗಲಿಲ್ಲ’ ಎನ್ನುವಾಗ ಎರಡು ಮಾತುಗಳ ಸಂಬಂಧವನ್ನು ಕ್ರಿಯಾಪದದ ಕೊನೆಯಲ್ಲಿರುವ ‘ಇಂದ’, ‘ಊ’ಗಳೇ ಹೇಳಿಬಿಡುತ್ತವೆ. ಇಂಗ್ಲಿಷಿನಲ್ಲಿ ಈ ಕೆಲಸಕ್ಕೆ ಸಾಮಾನ್ಯವಾಗಿ ಬೇರೆಯದೇ ಪದ ಬೇಕು. ಅದು ಬಿಟ್ಟುಹೋದಾಗ ಮಕ್ಕಳ ರಜೆ ಚೀಟಿ ಹೀಗಿರುತ್ತದೆ: ‘ಐ ಹ್ಯಾಡ್ ಫೀವರ್. ಐ ವೆಂಟ್ ಟು ದ ಡಾಕ್ಟರ್. ಹಿ ಗೇವ್ ಮಿ ಮೆಡಿಸಿನ್. ಐ ಕುಡ್ ನಾಟ್ ರೈಟ್ ದ ಟೆಸ್ಟ್.’ ವ್ಯಾಕರಣದ ತಪ್ಪು ಒಂದೂ ಇಲ್ಲ, ಆದರೆ ಓದುವವರು ಪ್ರತಿ ಪೂರ್ಣವಿರಾಮಕ್ಕೂ ಮುಗ್ಗರಿಸುತ್ತಾರೆ.

ಮೊದಲು, ಅಕ್ಕಪಕ್ಕದ ಎರಡು ವಾಕ್ಯಗಳ ನಡುವೆ ಇರುವುದು ಕಾರಣವೋ, ವಿರೋಧವೋ, ಬರೀ ಸೇರ್ಪಡೆಯೋ ಎಂದು ಕನ್ನಡದಲ್ಲೇ ಕೇಳಿಕೊಳ್ಳಬೇಕು. ಪದ ಹುಡುಕುವುದು ಆಮೇಲಿನ ಮಾತು.

ಕಾರಣವಾದರೆ ‘ಬಿಕಾಸ್’ ಅಥವಾ ‘ಸೋ’. ‘ಬಿಕಾಸ್’ ಆದ ಕೂಡಲೇ ಕಾರಣ ಬರಬೇಕು, ‘ಸೋ’ ಆದಮೇಲೆ ಪರಿಣಾಮ. ಕನ್ನಡದಲ್ಲಿ ‘ಏಕೆಂದರೆ ನನಗೆ ಜ್ವರವಿತ್ತು’ ಎಂಬುದು ತಾನೇ ಒಂದು ವಾಕ್ಯವಾಗಿ ನಿಲ್ಲುತ್ತದೆ. ಆ ಅಭ್ಯಾಸದಿಂದಲೇ ‘ಬಿಕಾಸ್ ಐ ಹ್ಯಾಡ್ ಫೀವರ್’ ಎಂದು ಬರೆದು ಚುಕ್ಕಿ ಇಡುವವರು ಹೆಚ್ಚು. ಪರೀಕ್ಷೆಯ ಬರವಣಿಗೆಯಲ್ಲಿ ಅದನ್ನು ಅರ್ಧ ವಾಕ್ಯವೆಂದೇ ಎಣಿಸುತ್ತಾರೆ, ಮುಖ್ಯ ವಾಕ್ಯಕ್ಕೆ ಅಂಟಿಸಿಯೇ ಬರೆಯಬೇಕು.

ಎಡವುವುದು ಹೆಚ್ಚಾಗಿ ವಿರೋಧ ಸೂಚಿಸುವಲ್ಲಿ. ‘ಆಲ್ದೋ’ ಎಂದು ಆರಂಭಿಸಿದವರು ನಡುವೆ ‘ಬಟ್’ ತರಬಾರದು. ‘ಔಷಧಿ ಕೊಟ್ಟರೂ ಆದರೆ’ ಎಂದು ನಾವು ಕನ್ನಡದಲ್ಲಿ ಹೇಳುತ್ತೇವೆಯೇ? ‘ಹೌಎವರ್’ ಎರಡು ಪೂರ್ಣ ವಾಕ್ಯಗಳ ನಡುವೆ ಬಂದರೆ ಅದಕ್ಕೆ ಮೊದಲು ಪೂರ್ಣವಿರಾಮ ಅಥವಾ ಅರ್ಧವಿರಾಮ ಇರಬೇಕು, ಅಲ್ಪವಿರಾಮ ಸಾಲದು. ‘ಡಿಸ್ಪೈಟ್’ ನಂತರ ನಾಮಪದ ಸಾಕು: ‘ಡಿಸ್ಪೈಟ್ ದ ಮೆಡಿಸಿನ್’. ‘ಆಫ್’ ಬೇಕಾಗುವುದು ‘ಇನ್ ಸ್ಪೈಟ್’ ಜೊತೆ ಮಾತ್ರ.

ಈಗ ಚೀಟಿಯನ್ನು ತಿದ್ದೋಣ: ‘ಐ ಹ್ಯಾಡ್ ಫೀವರ್, ಸೋ ಐ ವೆಂಟ್ ಟು ದ ಡಾಕ್ಟರ್. ಆಲ್ದೋ ಹಿ ಗೇವ್ ಮಿ ಮೆಡಿಸಿನ್, ಐ ಕುಡ್ ನಾಟ್ ರೈಟ್ ದ ಟೆಸ್ಟ್.’ ನಾಲ್ಕು ವಾಕ್ಯಗಳು ಎರಡಾದವು, ಜೋಡಣೆಗೆ ಎರಡೇ ಪದ ಸಾಕಾದವು. ಮೊದಲ ಮತ್ತು ಎರಡನೆಯ ವಾಕ್ಯದ ನಡುವೆ ಏನನ್ನೂ ಹಾಕಿಲ್ಲ, ಏಕೆಂದರೆ ‘ಹಿ’ ಎಂಬ ಸರ್ವನಾಮವೇ ಡಾಕ್ಟರನ್ನು ನೆನಪಿಸಿ ಕೊಂಡಿಯಾಗಿದೆ.

ಕೊನೆಗೆ ಗಟ್ಟಿಯಾಗಿ ಓದಿ, ಹೆಚ್ಚಾದುದನ್ನು ಹೊಡೆದುಹಾಕಬೇಕು. ‘ಎದ್ದು, ಮಿಂದು, ತಿಂಡಿ ತಿಂದು’ ಎಂಬ ನಮ್ಮ ಓಟ ಇಂಗ್ಲಿಷಿನಲ್ಲಿ ‘ಅಂಡ್ ದೆನ್’ಗಳ ಸರಪಳಿಯಾಗಿದ್ದರೆ, ಕೊನೆಯದೊಂದನ್ನು ಉಳಿಸಿ ಮಿಕ್ಕ ಕಡೆ ಅಲ್ಪವಿರಾಮ ಹಾಕಿ. ‘ಮೋರೋವರ್’, ‘ಫರ್ದರ್‌ಮೋರ್’ಗಳಂತೂ ರಜೆ ಚೀಟಿಗೆ ಮದುವೆಯ ಪೇಟ ತೊಡಿಸಿದಂತೆ, ಅಲ್ಲಿ ‘ಆಲ್ಸೋ’ ಸಾಕು.