ಒಂದು ಕಿಲೋ ಮೈಲುತುತ್ತದಲ್ಲಿ ಎಷ್ಟು ಮೋಲ್? ಲೆಕ್ಕ ಹಾಕುವುದು ಹೀಗೆ

ಮೋಲ್ ಲೆಕ್ಕ ಅಂದರೆ ಮಕ್ಕಳಿಗೆ ಗಾಬರಿ. ಮೋಲ್ ಅಂದರೆ ಡಜನ್ ಇದ್ದ ಹಾಗೆ, ಕಣಗಳನ್ನು ಎಣಿಸುವ ಒಂದು ಅಳತೆ. ಆದರೆ ಇದಕ್ಕೆ ಬೇಕಿರುವುದು ಗುಣಿಸಿ ಕೂಡಿಸುವುದು, ಆಮೇಲೆ ಒಂದು ಭಾಗಾಕಾರ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ನೋಡಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ತೂಕ ಸಮ. ಮೋಲ್ ಕೂಡ ಸಮವೇ?

ಮೊದಲು ಸೂತ್ರ ನೋಡಿ ಪರಮಾಣುಗಳನ್ನು ಎಣಿಸಿ. ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್, ಸೂತ್ರ CuSO₄·5H₂O. ತಾಮ್ರ ಒಂದು, ಗಂಧಕ ಒಂದು, ಆಕ್ಸಿಜನ್ ನಾಲ್ಕು. ಅವುಗಳ ಪರಮಾಣು ರಾಶಿ 63.5, 32 ಮತ್ತು 16.

63.5 + 32 + (4 × 16) = 159.5

ಇಲ್ಲಿಗೇ ನಿಲ್ಲಿಸಿಬಿಡುವವರು ಜಾಸ್ತಿ. ಸೂತ್ರದ ಕೊನೆಗೆ ಒಂದು ಚುಕ್ಕೆ, ಅದರ ಮುಂದೆ ಐದು ನೀರಿನ ಅಣು ಇದೆ ಅಲ್ವಾ? ಅದು ಸುಮ್ನೆ ಬರೆದದ್ದಲ್ಲ. ನೀಲಿ ಹರಳಿನೊಳಗೆ ಆ ನೀರು ನಿಜವಾಗಿಯೂ ಇದೆ. ಹರಳನ್ನು ಕಾಯಿಸಿದರೆ ನೀರು ಹೋಗಿ ಬಿಳಿ ಪುಡಿ ಉಳಿಯುತ್ತದೆ. ತಕ್ಕಡಿಯಲ್ಲಿ ಆ ನೀರೂ ತೂಗುತ್ತದೆ. ಆದ್ದರಿಂದ ಚುಕ್ಕೆ ಕಂಡರೆ ಗುಣಿಸಬೇಡಿ, ಕೂಡಿಸಿ. ಒಂದು ನೀರಿನ ಅಣುವಿಗೆ 18, ಐದಕ್ಕೆ 90. ಒಟ್ಟು 249.5.

ಇಂಥ ಲವಣಗಳಿಗೆ ಅಣುರಾಶಿ ಎನ್ನುವ ಬದಲು ಸೂತ್ರ ರಾಶಿ ಎನ್ನುವುದು ಸರಿ. ಲೆಕ್ಕ ಮಾತ್ರ ಒಂದೇ.

ಈಗ ಸೂತ್ರ ರಾಶಿಯಷ್ಟೇ ಗ್ರಾಂ, ಅಂದರೆ 249.5 ಗ್ರಾಂ ತೂಗಿದರೆ ಅದು ಒಂದು ಮೋಲ್. ಅದರಲ್ಲಿ 6.022 × 10²³ ಘಟಕಗಳಿರುತ್ತವೆ. ಕೈಯಲ್ಲಿರುವ ತೂಕವನ್ನು ಇದರಿಂದ ಭಾಗಿಸಿ: 1000 ÷ 249.5, ಸುಮಾರು 4 ಮೋಲ್. ನೀರನ್ನು ಬಿಟ್ಟಿದ್ದರೆ 6.27 ಬರುತ್ತಿತ್ತು. ಎಷ್ಟು ದೊಡ್ಡ ತಪ್ಪು ನೋಡಿ!

ಸುಣ್ಣದ್ದು ಸುಲಭ. ಅರಳಿದ ಸುಣ್ಣ ಎಂದುಕೊಳ್ಳೋಣ. ಅದರ ಸೂತ್ರ Ca(OH)₂. ಇದರಲ್ಲಿ ಆವರಣದ ಹೊರಗಿರುವ 2, ಒಳಗಿನ ಆಕ್ಸಿಜನ್ ಮತ್ತು ಹೈಡ್ರೋಜನ್ ಎರಡಕ್ಕೂ ಸೇರಿದ್ದು. ಕ್ಯಾಲ್ಸಿಯಂ 40, ಹೈಡ್ರೋಜನ್ 1.

40 + 2 × (16 + 1) = 74

1000 ÷ 74, ಅಂದರೆ 13.5 ಮೋಲ್. ತೂಕ ಸಮ ಇದ್ದರೂ ಸುಣ್ಣದ ಮೋಲ್ ಮೂರು ಪಟ್ಟಿಗಿಂತ ಹೆಚ್ಚು!

ಮೋಲ್‌ಗೆ ಮೋಲ್ ಹಾಕಿದರೆ 4 × 74 = 296 ಗ್ರಾಂ ಶುದ್ಧ ಸುಣ್ಣ ಸಾಕು. ಹಾಗಂತ ತೋಟದಲ್ಲಿ ಸುಣ್ಣ ಕಡಿಮೆ ಮಾಡಬೇಡಿ. ಅಂಗಡಿಯ ಸುಣ್ಣ ಅಷ್ಟು ಶುದ್ಧವಾಗಿರುವುದಿಲ್ಲ. ಸುಣ್ಣದ ಜೊತೆ ಸೇರದೆ ಉಳಿದ ತಾಮ್ರ ಗಿಡವನ್ನು ಸುಡುತ್ತದೆ. ಅದಕ್ಕೇ ದ್ರಾವಣಕ್ಕೆ ಕಬ್ಬಿಣದ ಚಾಕು ಅದ್ದಿ ನೋಡುವುದು. ಚಾಕುವಿಗೆ ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣ ಹಾಕಬೇಕು.